ನಮ್ಮವರ ಸಮಾಜಸೇವೆಯ ರಜೆ

ಬುಧವಾರ ಬೆಳಿಗ್ಗೆ ಬ್ಲೆಂಡರಿನಲ್ಲಿ ದೋಸೆಗೆ ರುಬ್ಬುತ್ತಿದ್ದೆ. ನಮ್ಮ ಸ್ಯಾನ್ ಹೊಸೆ ಅಪಾರ್ಟ್‌ಮೆಂಟಿನ ಆ ಬ್ಲೆಂಡರು ಮಿಲ್ಕ್‌ಶೇಕ್ ಮಾಡಲೆಂದು ಹುಟ್ಟಿದ್ದು. ಉದ್ದಿನಬೇಳೆ ಹಾಕಿದರೆ ಮೂರು ನಿಮಿಷಕ್ಕೊಮ್ಮೆ ಮೂರ್ಛೆ ಹೋಗುತ್ತದೆ. ಅದು ಹಾಗೆ ಮೂರ್ಛೆ ಹೋದಾಗಲೇ ಫೋನು ಹೊಡೆದುಕೊಂಡಿತು.

"ರಮಾ ಅಕ್ಕಾರ, ನೀವು ಭಾಳ ಗಟ್ಟಿ ಬಿಡ್ರಿ," ಎಂದಳು ನೀಲಾಬಾಯಿ. ಅವಳು ಗುಲ್ಬರ್ಗದವಳು, ಡಾಕ್ಟರ್ ಶರಣಪ್ಪನವರ ಹೆಂಡತಿ. ಸುದ್ದಿಯನ್ನು ಬಿಸಿ ಆರುವ ಮೊದಲು ಮನೆಮನೆಗೆ ಮುಟ್ಟಿಸುವುದರಲ್ಲಿ ಅವಳನ್ನು ಮೀರಿಸಿದವರು ಇಡೀ ಬೇ ಏರಿಯಾದಲ್ಲಿ ಇಲ್ಲ.

"ಯಾಕೆ ನೀಲಾ, ಏನಾಯ್ತು?"

"ಅಯ್ಯ, ಇನ್ನೂ ಬಾಯಿ ಬಿಡವಲ್ರಲ್ಲ! ರಘೋತ್ತಮ ಅವರು ಎರಡು ವಾರ ಸಮಾಜಸೇವಾಕ್ಕ ಹೊಂಟಾರಂತ. ಕಂಪನಿಯವರೇ ರಜಾ ಕೊಟ್ಟು ಕಳಸಾಕತ್ತಾರಂತ. ಕನ್ನಡ ಕೂಟದ ಮಂದಿಗೆಲ್ಲಾ ಗೊತ್ತಾಗೇದ. ನಮಗೊಂದು ಮಾತು ಹೇಳಬಾರದೇನ್ರಿ?"

ನಾನು ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದುಕೊಂಡೆ.

"ಅದು ಇನ್ನೂ ಪಕ್ಕಾ ಆಗಿರಲಿಲ್ಲ..."

"ಪಕ್ಕಾ ಆಗೇದ್ರಿ. ನಾವೂ ಬರ್ತೀವಿ. ಇವರು ನಿನ್ನೆ ರಾತ್ರೀನೇ ರಜಾ ಕೇಳ್ಯಾರ. ಎಲ್ಲಿಗೆ ಹೋಗೂದು, ಅದನ್ನಷ್ಟು ಹೇಳಿಬಿಡ್ರಿ."

ಎಲ್ಲಿಗೆ ಎಂದು ತಿಳಿದುಕೊಳ್ಳುವ ಆಸೆ ನನಗೂ ಬಹಳ ಇತ್ತು.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಅದು ಸಾವಿರದ ಒಂಬೈನೂರ ಎಂಬತ್ತೈದರ ಬೇಸಿಗೆ. ಕಂಪ್ಯೂಟರಿನ ಚಿಪ್ಪು ಮಾಡುವ ಕಂಪನಿಗಳಿಗೆಲ್ಲ ಒಟ್ಟಿಗೇ ನೆಗಡಿಯಾಗಿತ್ತು. ಅವು ಸೀನಿದಾಗ ಹಾರಿಹೋದವರಲ್ಲಿ ನಮ್ಮವರೂ ಒಬ್ಬರು. ಕೆಲಸ ಹೋಗಿ ಆ ಬುಧವಾರಕ್ಕೆ ಏಳು ವಾರವಾಗಿತ್ತು. ಹೋದ ದಿನ ಒಂದು ರಟ್ಟಿನ ಡಬ್ಬ ಹೊತ್ತುಕೊಂಡು ಬಂದರು. ಒಳಗೆ ಕಾಫಿ ಮಗ್ಗು, ಹೆಸರಿನ ಫಲಕ, ಕ್ಯಾಲ್ಕ್ಯುಲೇಟರು, ಮೇಜಿನ ಮುಂದೆ ಅಂಟಿಸಿಕೊಂಡಿದ್ದ ಮಗಳ ಕೈಯ ಆನೆಯ ಚಿತ್ರ. ಡಬ್ಬವನ್ನು ಗರಾಜಿನಲ್ಲಿ ಅಕ್ಕಿ ಮೂಟೆಯ ಹಿಂದೆ ಇಟ್ಟು ನನ್ನ ಕಡೆ ತಿರುಗಿದರು.

"ಯಾರಿಗೂ ಹೇಳಬೇಡ ರಮಾ. ಬಾಯಿಬಿಟ್ಟು ಹೇಳಿದ್ರೆ ಆಗೋಯ್ತು ಅಂತ. ಹೇಳದೆ ಇದ್ರೆ ಇನ್ನೂ ಆಗಿಲ್ಲ."

ಈ ಸಿದ್ಧಾಂತವನ್ನು ನಾವು ಮಡಿಯಷ್ಟೇ ನಿಷ್ಠೆಯಿಂದ ಪಾಲಿಸಿದೆವು. ದಿನಾ ಬೆಳಿಗ್ಗೆ ಎಂಟಕ್ಕೆ ಅವರು ಟೈ ಕಟ್ಟಿ, ಚಪಾತಿ ಡಬ್ಬಿ ಹಿಡಿದು, ಪಬ್ಲಿಕ್ ಲೈಬ್ರರಿಗೆ ಹೋಗುತ್ತಿದ್ದರು. ಸಂಜೆ ಆರಕ್ಕೆ ಟೈ ಸಡಿಲಿಸುತ್ತ ಒಳಗೆ ಬಂದು "ಉಫ್, ಟ್ರಾಫಿಕ್ಕು," ಎನ್ನುತ್ತಿದ್ದರು. ಲೈಬ್ರರಿ ನಮ್ಮ ಮನೆಯಿಂದ ಎಂಟು ನಿಮಿಷದ ನಡಿಗೆ. ಕಂಪನಿಯ ಹೆಸರಿನಲ್ಲಿ ಹಾಕಿದ್ದ ಗ್ರೀನ್ ಕಾರ್ಡಿನ ಅರ್ಜಿ ಏನಾಗುತ್ತದೋ ಎಂಬ ಭಯ ಇದ್ದೇ ಇತ್ತು. ಅದಕ್ಕಿಂತ ದೊಡ್ಡ ಭಯ ಈ ಮನುಷ್ಯನದು. ಯಾರಾದರೂ ಎದುರಿಗೆ ನಿಂತು ಆ ಮಾತು ಆಡಿಬಿಟ್ಟರೆ, ಟೈ ಒಂದರ ಮೇಲೆ ನಿಂತಿರುವ ಇವರು ನಿಂತಲ್ಲೇ ಕುಸಿಯುತ್ತಾರೆ ಎಂದು ನನಗೆ ಗೊತ್ತಿತ್ತು.

ಹಾಗಾಗಿ ಏಳು ವರ್ಷದ ಮಗಳು ಅನಘಾಗೂ ಹೇಳಿರಲಿಲ್ಲ. ಒಂದು ದಿನ ಅವಳು ಸೈಕಲ್ ತರಲು ಗರಾಜಿಗೆ ಹೋಗಿ ಬಂದವಳು, "ಅಮ್ಮಾ, ವೈ ಈಸ್ ಮೈ ಎಲಿಫೆಂಟ್..." ಎಂದು ಶುರುಮಾಡಿದಳು. ನಾನು ಅವಳ ಬಾಯಿಗೆ ಒಂದು ಕೋಡುಬಳೆ ಇಟ್ಟೆ. ಅವಳು ಅದನ್ನು ಪೂರ್ತಿ ಅಗಿದು ಮುಗಿಸುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೇಳಲಿಲ್ಲ.

ಆ ಬುಧವಾರ ಸಂಜೆ ನಮ್ಮವರು "ಉಫ್" ಎನ್ನುವುದಕ್ಕೂ ಬಿಡದೆ ಅಡುಗೆಮನೆಗೆ ಎಳೆದುಕೊಂಡೆ.

"ಏನ್ರೀ ಇದು ಸಮಾಜಸೇವೆ?"

"ನಮ್ಮ ಕೂಟದ ಜಯರಾಮ್ ಬಂದುಬಿಟ್ಟ ರಮಾ. ನಿನ್ನೆ ಬೆಳಿಗ್ಗೆ ಹನ್ನೊಂದು ಗಂಟೆ, ಲೈಬ್ರರಿಗೆ. ನಾನು ಪೇಪರು ಪೂರ್ತಿ ಬಿಚ್ಚಿ ಅದರ ಹಿಂದೆ ಕೂತಿದ್ದೆ. ಕಾಲು ನೋಡಿ ಗುರುತು ಹಿಡಿದ."

"ಕಾಲು ನೋಡಿಯಾ?"

"ಸಾಕ್ಸು. ಒಂದು ಕಪ್ಪು, ಒಂದು ಕಂದು. 'ಏನ್ ರಘು, ಆಫೀಸಿಲ್ವಾ?' ಅಂದ. ನನ್ನ ಬೆನ್ನ ಹಿಂದೆ ನೋಟಿಸ್ ಬೋರ್ಡಿತ್ತು. ತಿರುಗಿ ನೋಡದೆ ಕೈ ಎತ್ತಿ ತೋರಿಸಿ, 'ಇದಕ್ಕೆ ಕಂಪನಿ ರಜಾ ಕೊಟ್ಟಿದೆ' ಅಂದೆ. ಅದೃಷ್ಟ ನೋಡು, ಒಂದು ಇಂಚು ಆ ಕಡೆ ತೋರಿಸಿದ್ರೆ ಗರ್ಭಿಣಿಯರ ವ್ಯಾಯಾಮದ ಕ್ಲಾಸು."

ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಬರ್ಕ್ಲಿಯ ಯಾವುದೋ ಸ್ವಯಂಸೇವಾ ಗುಂಪಿನ ಪ್ರಕಟಣೆ. ಸೌತ್ ಡಕೋಟಾದಲ್ಲಿ ಲಕೋಟ ಎಂಬ ಮೂಲನಿವಾಸಿಗಳ ರಿಸರ್ವೇಶನ್ ಇದೆ. ಒಂದು ಕಾಲಕ್ಕೆ ಆ ಸೀಮೆಯೆಲ್ಲ ಅವರದೇ, ಈಗ ಸರ್ಕಾರ ಗೆರೆ ಎಳೆದು ಉಳಿಸಿಕೊಟ್ಟಷ್ಟು ಮಾತ್ರ. ಅಲ್ಲಿನ ಬಡವರ ಮನೆಗಳಿಗೆ ಬಣ್ಣ ಹಚ್ಚಲು ಜನ ಬೇಕು, ನಡುವೆ ಒಂದು ಭಾನುವಾರ ಸ್ಥಳವೀಕ್ಷಣೆ ಉಂಟು ಎಂದು ಬರೆದಿತ್ತು.

"ನಿಮಗೆ ಬಣ್ಣ ಹಚ್ಚಕ್ಕೆ ಬರುತ್ತಾ?"

"ಕಂಪನಿ ಕಳಿಸ್ತಿದೆ ಅಂದಮೇಲೆ ಬರಲೇಬೇಕಲ್ಲ," ಎಂದರು ನಮ್ಮವರು, ಬಹಳ ಗಂಭೀರವಾಗಿ.

ಭಾನುವಾರ ಕ್ಯುಪರ್ಟಿನೋದಲ್ಲಿ ತಿರುಮಲೇಶರ ಮನೆಯಲ್ಲಿ ಸಭೆ ಸೇರಿತು. ತಿರುಮಲೇಶರು ನಮ್ಮ ಕನ್ನಡ ಕೂಟದ ಅಧ್ಯಕ್ಷರು. ನಮ್ಮವರನ್ನು ಎದ್ದು ನಿಲ್ಲಿಸಿ, "ಇಂಥ ಕಂಪನಿಗಳೂ ಉಂಟು, ಇಂಥ ಕನ್ನಡಿಗರೂ ಉಂಟು," ಎಂದರು. ಚಪ್ಪಾಳೆ ಬಿತ್ತು. ನಮ್ಮವರು ತಲೆ ತಗ್ಗಿಸಿದರು. ಅದನ್ನೂ ವಿನಯವೆಂದುಕೊಂಡು ಜನ ಇನ್ನಷ್ಟು ತಟ್ಟಿದರು. ಕೊನೆಗೆ ತಿರುಮಲೇಶರು ಒಳಗಿನಿಂದ ಒಂದು ಜರಿ ಶಾಲು, ಒಂದು ಮೈಸೂರು ಪೇಟ, ಒಂದು ಗಂಧದ ಹಾರ ತಂದು ಇವರ ಕೈಗಿಟ್ಟರು.

"ಅಲ್ಲಿನ ಅಧ್ಯಕ್ಷರಿಗೆ ಕೂಟದ ಪರವಾಗಿ ಸನ್ಮಾನ ಮಾಡಿಬನ್ನಿ."

"ಅಧ್ಯಕ್ಷರು ಯಾರು ಅಂತ..."

"ಯಾರೋ ಇರ್ತಾರೆ ಕಣ್ರೀ. ಅಧ್ಯಕ್ಷರಿಲ್ಲದ ಊರು ಎಲ್ಲಾದ್ರೂ ಉಂಟೇ?"

ನಮ್ಮ ಜನರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮೂವರು ಕನ್ನಡಿಗರು ಒಂದು ಕಡೆ ಸೇರಿದರೆ ಇಬ್ಬರು ಕೂಡಿ ಮೂರನೆಯವರಿಗೆ ಶಾಲು ಹೊದಿಸುತ್ತಾರೆ. ಹಾಗೆ ಮಾಡದಿದ್ದರೆ ಸಭೆ ನಡೆದ ಹಾಗೇ ಆಗುವುದಿಲ್ಲ.

ಜುಲೈ ತಿಂಗಳಲ್ಲಿ ವ್ಯಾನು ಹೊರಟಿತು. ನಾವು ಮೂವರು, ಶರಣಪ್ಪ, ನೀಲಾಬಾಯಿ, ಜೊತೆಗೆ ಜಯರಾಮ್. ಅವರ ಹೆಂಡತಿ ಜಲಜಾಗೆ ಡೇಕೇರಿನಲ್ಲಿ ಕೆಲಸ, ಬರಲಾಗಲಿಲ್ಲ. ನೆವಾಡಾದ ಮರಳುಗಾಡು ದಾಟುವಾಗ ನೀಲಾಬಾಯಿ ಮಾತಿಗೆ ಮಾತು ಬಂದು ಕೇಳಿದಳು.

"ಜಯರಾಮ್ ಅವರ, ನಿಮಗ ಹ್ಯಾಂಗ ಸಿಕ್ತು ರಜಾ, ಎರಡು ವಾರ?"

"ನಮ್ಮ ಕಂಪನಿನೂ ಕೊಡ್ತು," ಎಂದರು ಜಯರಾಮ್, ಕಿಟಕಿಯ ಆಚೆ ನೋಡುತ್ತ. "ಈಗೆಲ್ಲಾ ಕಡೆ ಕೊಡ್ತಾರೆ."

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಲೈಬ್ರರಿಯಲ್ಲಿ ಜಯರಾಮ್ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ನನ್ನ ದಡ್ಡ ತಲೆಗೆ ಆಗ ಹೊಳೆಯಿತು. ಅವರ ಅಂಗಿಯ ಕಾಲರು ನೋಡಿದೆ. ಇಸ್ತ್ರಿ ಗರಿಗರಿಯಾಗಿತ್ತು, ನಮ್ಮವರದರ ಹಾಗೆಯೇ. ಯಾರಿಗೂ ಹೇಳಲಿಲ್ಲ. ಆ ರಾತ್ರಿಯಿಂದ ಅವರ ತಟ್ಟೆಗೆ ಕೇಳದೆಯೇ ಒಂದು ಚಪಾತಿ ಹೆಚ್ಚು ಹಾಕತೊಡಗಿದೆ.

ರಿಸರ್ವೇಶನ್ನಿನಲ್ಲಿ ನಮ್ಮನ್ನು ವಹಿಸಿಕೊಂಡವರು ವರ್ನಾ. ಸ್ಕೂಲ್ ಬಸ್ಸು ಓಡಿಸುವ ಐವತ್ತರ ಹೆಂಗಸು, ಅಗಲ ಮುಖ, ದಪ್ಪ ಕನ್ನಡಕ. ನಕ್ಕರೂ ತುಟಿ ಅಲುಗದು. ಶಾಲೆಯ ಆಟದ ಹಾಲಿನಲ್ಲಿ ನಮಗೆ ಮಲಗಲು ಜಾಗ ತೋರಿಸಿ, ಬೆಳಿಗ್ಗೆ ಒಬ್ಬ ಅಜ್ಜಿಯ ಮನೆಯ ಮುಂದೆ ಬಣ್ಣದ ಡಬ್ಬಗಳೊಂದಿಗೆ ಇಳಿಸಿದರು. ನಮ್ಮವರು ಮೊದಲ ದಿನವೇ ಅಜ್ಜಿಯ ಎರಡು ಕಿಟಕಿಗಳನ್ನು ಮತ್ತೆಂದೂ ತೆರೆಯದಂತೆ ಬಣ್ಣದಲ್ಲೇ ಅಂಟಿಸಿಬಿಟ್ಟರು.

"ಪರವಾಗಿಲ್ಲ," ಎಂದರು ವರ್ನಾ. "ಹೋದ ವರ್ಷದವರು ಬಾಗಿಲು ಅಂಟಿಸಿದ್ದರು. ಅಜ್ಜಿ ಒಳಗಿದ್ದಳು."

"ಹೋದ ವರ್ಷವೂ ಬಣ್ಣ ಹಚ್ಚಿದ್ದರಾ?"

"ಮೂರು ವರ್ಷಕ್ಕೆ ಇದು ನಾಲ್ಕನೇ ಸಲ. ರಸ್ತೆಗೆ ಹತ್ತಿರ ಇರೋ ಮನೆ ನೋಡಿ, ಎಲ್ಲರಿಗೂ ಇದೇ ಇಷ್ಟ. ಸೂರು ಸೋರುತ್ತೆ ಅಂತ ಅಜ್ಜಿ ಎಲ್ಲರಿಗೂ ಹೇಳ್ತಾಳೆ. ಎಲ್ಲರೂ ಬಣ್ಣ ಹಚ್ಚಿ ಹೋಗ್ತಾರೆ."

ನಾವು ತಲೆ ಎತ್ತಿ ಸೂರು ನೋಡಿದೆವು. ಶರಣಪ್ಪನವರು ಗಂಟಲು ಸರಿಮಾಡಿಕೊಂಡು, "ಸೂರು ಅಂದ್ರ... ಅದು ನಮಗ ಬರಂಗಿಲ್ರೀ," ಎಂದರು. ನಾಲ್ಕನೇ ಸಲದ ಬಣ್ಣವನ್ನು ಶ್ರದ್ಧೆಯಿಂದ ಮುಗಿಸಿದೆವು.

ಸ್ಥಳವೀಕ್ಷಣೆಯ ಭಾನುವಾರ ಬಂತು. ವರ್ನಾ ಸ್ಕೂಲ್ ಬಸ್ಸಿನಲ್ಲೇ ನಮ್ಮನ್ನು ಕೂರಿಸಿಕೊಂಡು ಹೊರಟರು. ಮಕ್ಕಳ ಸೀಟಿನಲ್ಲಿ ನಮ್ಮವರ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ತೊಡೆಯ ಮೇಲೆ ಶಾಲು, ಪೇಟ, ಹಾರದ ಕೈಚೀಲ. ಐದು ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಿ ಕೇಳುತ್ತಿದ್ದರು.

"ಅಧ್ಯಕ್ಷರು ಎಲ್ಲಿ ಸಿಗ್ತಾರೆ?"

"ಚುನಾವಣೆಗೆ ಮುಂಚೆ ಎಲ್ಲಾ ಕಡೆ ಸಿಗ್ತಾರೆ," ಎಂದರು ವರ್ನಾ.

ಮಣ್ಣಿನ ಗೋಪುರಗಳ ಹಾಗೆ ಸವೆದು ನಿಂತ ಗುಡ್ಡಸಾಲು ತೋರಿಸಿದರು. ಶರಣಪ್ಪನವರಿಗೆ ಶಹಾಬಾದಿನ ಕಲ್ಲುಗಣಿ ನೆನಪಾಯಿತು. ಕಾಡುಕೋಣಗಳ ಹಿಂಡು ತೋರಿಸಿದರು. "ಒಂದೊಂದು ಎಷ್ಟು ಸೇರು ಹಿಂಡತಾವಂತ ಕೇಳ್ರಿ," ಎಂದಳು ನೀಲಾಬಾಯಿ. ಕೇಳಿದೆವು. "ಹತ್ತಿರ ಹೋಗಿ ಬದುಕಿ ಬಂದವರು ಯಾರೂ ಹೇಳಿಲ್ಲ," ಎಂದು ಉತ್ತರ ಬಂತು.

ಆಮೇಲೆ ಬಸ್ಸು ಬೀಗ ಹಾಕಿದ ಒಂದು ತಗಡಿನ ಕಟ್ಟಡದ ಮುಂದೆ ನಿಧಾನವಾಯಿತು. ಕಿಟಕಿ ಗಾಜೆಲ್ಲ ಒಡೆದಿತ್ತು.

"ಇದು ಫ್ಯಾಕ್ಟರಿ. ನನ್ನ ಗಂಡ ಇಲ್ಲೇ ಕೆಲಸಕ್ಕಿದ್ದ. ಒಂದು ಶುಕ್ರವಾರ ಎಲ್ಲರಿಗೂ ಒಂದೊಂದು ಕಾಗದ ಕೊಟ್ಟರು, ಸೋಮವಾರ ಬೀಗ."

ನಮ್ಮವರು ತಟ್ಟನೆ ಎಡಗಡೆಯ ಕಿಟಕಿಗೆ ತಿರುಗಿದರು. ಜಯರಾಮ್ ಅದೇ ಕ್ಷಣಕ್ಕೆ ಬಲಗಡೆಗೆ ತಿರುಗಿದರು. ಎರಡೂ ಕಡೆ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಇಬ್ಬರೂ ಅದನ್ನು ಎವೆಯಿಕ್ಕದೆ ನೋಡಿದರು.

"ಆಮೇಲ ಏನು ಮಾಡಿದ್ರು ನಿಮ್ಮ ಮನೆಯವರು?" ಎಂದು ನೀಲಾಬಾಯಿ ತನ್ನ ಇಂಗ್ಲಿಷಿನಲ್ಲಿ ಕೇಳಿದಳು.

"ಮನೆಗೆ ಬಂದು ಕೆಲಸ ಹೋಯ್ತು ಅಂದ. ಅಣ್ಣನಿಗೂ ಹೋಗಿತ್ತು, ಪಕ್ಕದ ಮನೆಯವನಿಗೂ ಹೋಗಿತ್ತು. ಇಲ್ಲಿ ಹತ್ತರಲ್ಲಿ ಏಳೆಂಟು ಜನಕ್ಕೆ ಕೆಲಸ ಇಲ್ಲ. ಮುಚ್ಚಿಡಬೇಕು ಅಂದ್ರೂ ಯಾರಿಂದ ಮುಚ್ಚಿಡೋದು?"

ಅನಘಾ ಸೀಟಿನಿಂದ ಎದ್ದಳು. "ಅಪ್ಪಾ..."

"ಪುಟ್ಟೀ, ಅಲ್ನೋಡು, ಅಳಿಲು!" ಎಂದೆ ನಾನು. ಅಲ್ಲಿ ಅಳಿಲು ಇರಲಿಲ್ಲ. ಅವಳು ಇಲ್ಲದ ಅಳಿಲನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ನನ್ನನ್ನು ನೋಡಿ, ಕೂತಳು.

ಮುಂದೆ ಒಂದು ಗುಡ್ಡ. ವೂಂಡೆಡ್ ನೀ ಎಂದು ಆ ಜಾಗದ ಹೆಸರು. ಮೇಲೆ ಬೇಲಿ ಹಾಕಿದ ಸ್ಮಶಾನ, ನಡುವೆ ಉದ್ದನೆಯ ಒಂದೇ ಗುಂಡಿ. ತೊಂಬತ್ತೈದು ವರ್ಷದ ಹಿಂದೆ ಒಂದು ಚಳಿಗಾಲದಲ್ಲಿ ಸೈನ್ಯ ಕೊಂದುಹಾಕಿದ ಗಂಡಸರು, ಹೆಂಗಸರು, ಮಕ್ಕಳು, ಎಲ್ಲರೂ ಅದರಲ್ಲೇ ಇದ್ದಾರೆ ಎಂದರು ವರ್ನಾ. ನಾವು ಯಾರೂ ಹೇಳಿಸಿಕೊಳ್ಳದೆ ಬಾಗಿಲಲ್ಲೇ ಚಪ್ಪಲಿ ಬಿಟ್ಟೆವು, ನಮ್ಮವರು ಬೂಟು ಬಿಟ್ಟು ಸಾಕ್ಸನ್ನೂ ಕಳಚಿ ಜೇಬಿಗೆ ಸೇರಿಸಿದರು. ಅದು ಬುದ್ಧಿಯಿಂದ ಮಾಡಿದ್ದಲ್ಲ, ಕಾಲು ತಾನಾಗಿಯೇ ಬಿಟ್ಟದ್ದು. ವರ್ನಾ ನಮ್ಮ ಬರಿಗಾಲು ನೋಡಿದರು. ಆ ದಿನ ಮೊದಲ ಸಲ ಅವರು ಏನೂ ಕಟಕಿಯಾಡಲಿಲ್ಲ.

ಹತ್ತು ಹೆಜ್ಜೆಗೆ ಶರಣಪ್ಪನವರು ಒಂದೇ ಕಾಲಲ್ಲಿ ನಿಂತರು. "ಅಯ್ಯಯ್ಯೋ, ನೆಗ್ಗಿಲ ಮುಳ್ಳ್ರೀ! ಥೇಟ್ ನಮ್ಮ ಹೊಲದಾಗಿಂದು! ಇಲ್ಲಿತನಾ ಬಂದೈತಿ ನೋಡ್ರಿ!" ನಾವೆಲ್ಲ ಅಳಬೇಕಾದ ಜಾಗದಲ್ಲಿ ಒಂಟಿ ಕಾಲಲ್ಲಿ ಕುಣಿದೆವು. ವರ್ನಾ ನೆಲದಲ್ಲಿ ಕೂತು, ಒಬ್ಬೊಬ್ಬರ ಪಾದವನ್ನೂ ತಮ್ಮ ಮಂಡಿಯ ಮೇಲಿಟ್ಟುಕೊಂಡು ಮುಳ್ಳು ಕಿತ್ತರು. ನಮ್ಮವರ ಸರದಿ ಬಂದಾಗ, "ಎರಡು ಕಾಲಿಗೆ ಎರಡು ಬಣ್ಣದ ಸಾಕ್ಸು ಜೇಬಲ್ಲಿ ಇಟ್ಟುಕೊಂಡಿದೀಯಲ್ಲ, ಹಾಕ್ಕೊಂಡಾದ್ರೂ ಬರಬಾರದಾ?" ಎಂದರು.

ಮಧ್ಯಾಹ್ನದ ಊಟಕ್ಕೆ ನಮ್ಮನ್ನು ಊರಿನ ಸಮುದಾಯ ಭವನಕ್ಕೆ ಕರೆದೊಯ್ದರು. ವರ್ನಾರ ಅಕ್ಕನ ಮಗಳು ಲಿಯೋನಾ ಹೈಸ್ಕೂಲು ಮುಗಿಸಿದ್ದಳು. ಆ ಸಂತೋಷಕ್ಕೆ ಮನೆಯವರು ಊರಿಗೆಲ್ಲ ಊಟ ಹಾಕಿದ್ದರು. ಇನ್ನೂರು ಜನ ಇದ್ದರು. ಒಂದು ಮೂಲೆಯಲ್ಲಿ ದೊಡ್ಡ ನಗಾರಿಯ ಸುತ್ತ ಆರೇಳು ಗಂಡಸರು ಕೂತಿದ್ದರು. ಲಿಯೋನಾ ಕನ್ನಡಕದ, ತೆಳ್ಳಗಿನ ಹುಡುಗಿ. ನಾವು ಮಾಂಸ ತಿನ್ನುವುದಿಲ್ಲ ಎಂದು ತಿಳಿದು, ಪೂರಿಯ ದೊಡ್ಡಣ್ಣನಂತಿದ್ದ ಕರಿದ ರೊಟ್ಟಿಗಳನ್ನು ಆರಿಸಿ ತಂದು ಬಡಿಸಿದಳು. ಸೆಪ್ಟೆಂಬರಿಗೆ ಕಾಲೇಜು ಸೇರಿ ಕಂಪ್ಯೂಟರು ಕಲಿಯುತ್ತಾಳಂತೆ. ನಮ್ಮವರು ಇಂಜಿನಿಯರು ಎಂದು ಕೇಳಿ ಅವಳ ಮುಖ ಅರಳಿತು.

"ನೀವು ಕ್ಯಾಲಿಫೋರ್ನಿಯಾದಲ್ಲಿ ಚಿಪ್ಪು ಮಾಡ್ತೀರಾ? ನಿಜವಾಗ್ಲೂ?"

"ಹ್ಞಾಂ... ಮಾಡ್ತೀನಿ," ಎಂದರು ನಮ್ಮವರು.

ಅನಘಾ ರೊಟ್ಟಿ ಕೆಳಗಿಟ್ಟಳು. ನಾನು ಅವಳ ತಟ್ಟೆಗೆ ಇನ್ನೊಂದು ಹಾಕಿದೆ.

ಅಷ್ಟರಲ್ಲಿ ನಮ್ಮವರಿಗೆ ಅಧ್ಯಕ್ಷರು ಕಂಡರು. ಮುಂದಿನ ಸಾಲಿನಲ್ಲಿ ಒಬ್ಬ ಮುದುಕರು, ಅಗಲ ಹ್ಯಾಟು, ಬೆಳ್ಳಿಯ ಬಿಲ್ಲೆ ಕಟ್ಟಿದ ಕೊರಳಪಟ್ಟಿ. ಇಬ್ಬರು ಹೆಂಗಸರು ಅವರಿಗೆ ಕೂತಲ್ಲಿಗೇ ಸೂಪು ತಂದುಕೊಟ್ಟಿದ್ದರು.

"ಅವರೇ," ಎಂದರು ನಮ್ಮವರು.

"ಒಂದು ಮಾತು ಕೇಳೋಣ್ವಾ ವರ್ನಾನ?" ಎಂದರು ಜಯರಾಮ್.

"ಅಧ್ಯಕ್ಷರ ಎದುರಿಗೇ ಅಧ್ಯಕ್ಷರು ಯಾರು ಅಂತ ಕೇಳೋದಾ? ಅವಮಾನ ಆಗುತ್ತೆ ಕಣೋ."

ನೀಲಾಬಾಯಿ ತಟ್ಟೆಯಲ್ಲಿ ಎರಡು ಬಾಳೆಹಣ್ಣು, ಒಂದು ಕಿತ್ತಳೆ ಇಟ್ಟು ಹಿಡಿದಳು. ಮೆರವಣಿಗೆ ಹೊರಟಿತು. ಮುದುಕರು ಚಮಚ ಬಾಯಿಗೆ ಎತ್ತಿದ್ದರು. ನಮ್ಮವರು ಅವರ ಹ್ಯಾಟು ತೆಗೆದು ಜಯರಾಮ್ ಕೈಗೆ ಕೊಟ್ಟು, ತಲೆಗೆ ಪೇಟ ಇಟ್ಟರು. ಹೆಗಲಿಗೆ ಶಾಲು ಹೊದಿಸಿದರು. ಕೊರಳಿಗೆ ಹಾರ ಹಾಕಿದರು. ನಾವು ಐವರು ಚಪ್ಪಾಳೆ ತಟ್ಟಿದೆವು. ಇಡೀ ಭವನದಲ್ಲಿ ನಾವು ಐವರೇ ತಟ್ಟಿದ್ದು.

ಮುದುಕರು ಅಲುಗಲಿಲ್ಲ. ಚಮಚವೂ ಅಲುಗಲಿಲ್ಲ. ಆಮೇಲೆ ಮೂಲೆಯಲ್ಲಿ ನಗಾರಿ ಗುಡುಗಿತು. ಹಾಡು ಶುರುವಾಯಿತು. ಇನ್ನೂರು ಜನ ಊಟ ಬಿಟ್ಟು ಎದ್ದು ನಿಂತರು. ಹಾಡು ಮುಗಿದ ಮೇಲೆ ಒಬ್ಬೊಬ್ಬರಾಗಿ ಸಾಲಿನಲ್ಲಿ ಬಂದು ಮುದುಕರ ಕೈ ಕುಲುಕಿದರು, ಪಕ್ಕದಲ್ಲಿ ನಿಂತಿದ್ದ ನಮ್ಮವರ ಕೈಯನ್ನೂ ಕುಲುಕಿದರು. ಏಳು ವಾರ, ಅದರ ಮೇಲೆ ಮೂರು ವಾರ, ಯಾರೂ ಕೈ ಕುಲುಕದಿದ್ದ ಆ ಮನುಷ್ಯ ನೋಡನೋಡುತ್ತ ಉದ್ದವಾದರು.

ವರ್ನಾ ಹತ್ತಿರ ಬಂದರು. "ಅವನು ನನ್ನ ಮಾವ, ಕ್ಲಿಫರ್ಡ್. ಬೇಲಿ ರಿಪೇರ್ ಮಾಡ್ತಿದ್ದ. ಒಳ್ಳೇ ಕುರ್ಚಿ ಸಿಗಲಿ ಅಂತ ಬೆಳಿಗ್ಗೆ ಹತ್ತಕ್ಕೇ ಬಂದು ಕೂತಿದಾನೆ."

"ಅಧ್ಯಕ್ಷರಲ್ವಾ?" ನಮ್ಮವರ ದನಿ ಉಡುಗಿತು.

"ಈಗ ಅಧ್ಯಕ್ಷನಿಗಿಂತ ಹೆಚ್ಚು. ತೊಂದರೆ ಏನು ಅಂದ್ರೆ, ನಮ್ಮಲ್ಲಿ ಗೌರವ ಆದವರು ತಗೊಂಡು ಸುಮ್ಮನಿರೋ ಹಾಗಿಲ್ಲ, ಕೊಡಬೇಕು. ಅವನ ಹೆಣ್ಣುಮಕ್ಕಳು ಕಾರಿಗೆ ಓಡಿದರು ನೋಡು."

ಹೆಣ್ಣುಮಕ್ಕಳು ಓಡಿಯೇ ಬಂದರು. ಮುದುಕರಿಗೆ ಹಾಡಿದವರಿಗೆ ಒಂದು ಕಂಬಳಿ, ಸೂಪು ಮಾಡಿದವರಿಗೆ ಎರಡು ಡಬ್ಬ ಕಾಫಿಪುಡಿ, ಕೊನೆಗೆ ನಮ್ಮವರ ಹೆಗಲಿಗೆ ಒಂದು ಕೌದಿ. ಎಂಥ ಕೌದಿ! ನಡುವೆ ಬೆಳಗಿನ ನಕ್ಷತ್ರದ ಹಾಗೆ ಒಂದು ದೊಡ್ಡ ಚುಕ್ಕಿ, ಕೆಂಪು, ಹಳದಿ, ನೀಲಿ ಬಟ್ಟೆಯ ನೂರಾರು ತುಣುಕು. ನಮ್ಮವರು ನಮ್ಮ ಪದ್ಧತಿಯಂತೆ "ಬೇಡ ಬೇಡ, ಛೆ, ಬೇಡ," ಎಂದು ಮೂರು ಸಲ ಹಿಂದಕ್ಕೆ ತಳ್ಳಿದರು.

"ಬೇಡ ಅನ್ನಬೇಡ," ಎಂದರು ವರ್ನಾ. "ಚಳಿಗಾಲ ಪೂರ್ತಿ ಕೂತು ಲಿಯೋನಾಗೆ ಅಂತ ಹೊಲಿದಿದ್ದು. ಈಗ ನಿನ್ನದು. ತಗೋ."

ನಾನು ಲಿಯೋನಾಳನ್ನು ನೋಡಿದೆ. ಅವಳು ನಗುತ್ತಲೇ ಇದ್ದಳು. ಕೌದಿಯ ಮೇಲಿನಿಂದ ಕಣ್ಣು ಮಾತ್ರ ತೆಗೆದಿರಲಿಲ್ಲ.

ನೀಲಾಬಾಯಿ ನನ್ನ ಪಕ್ಕೆ ತಿವಿದಳು. "ಅಕ್ಕಾರ, ಕೂಸಿನ ಅರಿವಿ ತಗೊಂಡು ಬರಿಗೈಲೆ ಹೋಗಬಾರದ್ರಿ. ಏನರ ಕೊಡ್ರಿ ಲಗೂನ."

ಚೀಲ ತಡಕಿದೆ. ಕುಂಕುಮದ ಪೊಟ್ಟಣ, ತಲೆನೋವಿನ ಮಾತ್ರೆ, ಪುಡಿಯಾದ ಕೋಡುಬಳೆ. ಅಷ್ಟರಲ್ಲಿ ಮೈಕು ಹಿಡಿದಿದ್ದವನು, "ನಮ್ಮ ಸ್ನೇಹಿತರು ಎರಡು ಮಾತಾಡಬೇಕು," ಎಂದುಬಿಟ್ಟ.

ನಮ್ಮವರು ಕೌದಿ ಹೊದ್ದು ಮೈಕಿನ ಮುಂದೆ ನಿಂತರು. ಕೂಟದ ಪರವಾಗಿ ವಂದಿಸಿದರು. ಕರ್ನಾಟಕದ ಜನತೆಯ ಪರವಾಗಿ ವಂದಿಸಿದರು. ಆಮೇಲೆ ವಂದಿಸಲು ಯಾರೂ ಉಳಿಯದೆ, "ನಮ್ಮ ಕಂಪನಿಯ ಪರವಾಗಿ..." ಎಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಲಿಯೋನಾ ಎದುರಿಗೇ ನಿಂತಿದ್ದಳು. ಕೊಡಲು ಕೈಯಲ್ಲಿ ಏನೂ ಇಲ್ಲದಾಗ ನಮ್ಮ ಕಡೆಯ ಗಂಡಸರು ಕೊಡುವ ವಸ್ತು ಒಂದೇ. ಅದನ್ನೇ ಕೊಟ್ಟರು.

"ಈ ಮಗುವಿಗೆ ಬರೋ ಬೇಸಿಗೆ ನಮ್ಮ ಕಂಪನಿಯಲ್ಲಿ ಕೆಲಸ. ನಾನು ಒಂದು ಮಾತು ಹೇಳ್ತೀನಿ, ಆಗುತ್ತೆ. ಇದು ನನ್ನ ಮಾತು."

ಹೆಂಗಸರು ಖುಷಿಗೆ ನಾಲಿಗೆ ಹೊರಳಿಸಿ ಉಲಿದರು, ಆ ಸದ್ದಿಗೆ ಕಿಟಕಿ ಅದುರಿತು. ಲಿಯೋನಾಳ ತಾಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಮ್ಮವರು ಪರ್ಸು ತೆಗೆದು ಒಂದು ಹಳೆಯ ಆಫೀಸು ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಅವಳಿಗೆ ಕೊಟ್ಟರು.

ಜಯರಾಮಿಗೆ ಇದನ್ನು ಸಹಿಸಲಾಗಲಿಲ್ಲ. ಎದ್ದು ನಿಂತು, "ನಮ್ಮ ಕಂಪನಿಯಲ್ಲೂ ಒಂದು ಕೆಲಸ!" ಎಂದರು. ಮತ್ತೆ ಉಲಿತ. ನಮ್ಮ ಪೈಕಿ ನಿಜವಾಗಿ ಕೆಲಸವಿದ್ದ ಗಂಡಸು ಶರಣಪ್ಪ ಒಬ್ಬರೇ. ಅವರು ತಲೆ ಬಗ್ಗಿಸಿ, "ನಮ್ದು ಆಸ್ಪತ್ರಿ, ನಮ್ಮಲ್ಲಿ ಹಂಗೆಲ್ಲಾ ಹೇಳಿದ್ರ ನಡಿಯಂಗಿಲ್ಲ," ಎಂದು ಗೊಣಗಿಕೊಂಡರು.

ವರ್ನಾ ಮಾತ್ರ ನಾಲ್ಕು ಸಲ ಬಣ್ಣ ಕಂಡ ಗೋಡೆಯನ್ನು ನೋಡುವ ಹಾಗೆ ನಮ್ಮವರನ್ನು ನೋಡುತ್ತಿದ್ದರು.

ಲಿಯೋನಾ ಪೆನ್ನು ತಂದಳು. "ಸರ್, ನಾನು ಇನ್ನೂ ಎರಡು ಕಡೆ ಬೇಸಿಗೆ ಕೆಲಸಕ್ಕೆ ಹೆಸರು ಕೊಟ್ಟಿದ್ದೆ. ನಾಳೆ ಬೇಡ ಅಂತ ಹೇಳಿಬಿಡ್ತೀನಿ. ನೇರ ನಿಮಗೇ ಪತ್ರ ಬರೆಯಲಾ, ಈ ವಿಳಾಸಕ್ಕೆ?"

"ಈ ವಿಳಾಸಕ್ಕೇ," ಎಂದರು ನಮ್ಮವರು. ಬೆವರು ಕೌದಿಯ ಚುಕ್ಕಿಯವರೆಗೆ ಇಳಿದಿತ್ತು.

ಅನಘಾ ಕುರ್ಚಿಯಿಂದ ಇಳಿದಳು. ನಾನು ರೊಟ್ಟಿ ಮುರಿದು ಅವಳ ಬಾಯಿಯ ಹತ್ತಿರ ಹಿಡಿದೆ. ತುಟಿ ಬಿಗಿದು, ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಜನರ ನಡುವೆ ದಾರಿ ಮಾಡಿಕೊಂಡು ಅಪ್ಪನ ಮುಂದೆ ಹೋಗಿ ನಿಂತಳು. ನಾನು ಏಳುವುದರೊಳಗೆ ನಮ್ಮವರು ಅವಳನ್ನು ನೋಡಿ ಅರಳಿ, "ನನ್ನ ಮಗಳೂ ಲಿಯೋನಾಗೆ ಶುಭಾಶಯ ಹೇಳಬೇಕಂತೆ," ಎಂದು ತಮ್ಮ ಕೈಯಾರೆ ಮೈಕು ಬಗ್ಗಿಸಿ ಹಿಡಿದರು.

ಅವಳು ಲಿಯೋನಾಳನ್ನು ನೋಡಿದಳು, ಅವಳ ಕೈಯ ಕಾರ್ಡು ನೋಡಿದಳು. ನಾವು ಎಷ್ಟು ಬೇಡಿಕೊಂಡರೂ ಇಂಗ್ಲಿಷಿನಲ್ಲೇ ಉತ್ತರಿಸುವ ನನ್ನ ಮಗಳು ಅಂದು ಕನ್ನಡವನ್ನು ಆರಿಸಿಕೊಂಡಳು. ಅಷ್ಟು ಜನರೆದುರು ಅಪ್ಪನ ಮರ್ಯಾದೆ ಹೋಗಬಾರದು ಎಂದೇ ಇರಬೇಕು. ಆ ಇನ್ನೂರು ಜನರಿಗೆ ಅದರ ಒಂದು ಅಕ್ಷರವೂ ತಿಳಿಯುವಂತಿರಲಿಲ್ಲ. ತಿಳಿಯುತ್ತಿದ್ದದ್ದು, ಇಷ್ಟು ದಿನ ಅವಳ ಅಪ್ಪ ಯಾರಿಂದ ಮುಚ್ಚಿಟ್ಟುಕೊಂಡು ಬಂದಿದ್ದರೋ ಆ ಮೂವರಿಗೆ ಮಾತ್ರ.

"ಅಪ್ಪಾ," ಎಂದಳು ಮೈಕಿನಲ್ಲಿ, "ನಿನ್ನ ಕೆಲಸಾನೇ ಹೋಯ್ತಲ್ಲ, ಈ ಅಕ್ಕಂಗೆ ಯಾವ ಕೆಲಸ ಕೊಡ್ತೀಯ?"